ಮಧ್ಯಾಹ್ನ ಒಂದರ ಸಪ್ಪಳ

'ನನ್ನ ರೊಟ್ಟಿ ಬಹಳ ಸಪ್ಪಳ ಮಾಡುತ್ತದೆ' ಎಂದು ದಾಕ್ಷಾಯಿಣಿ ಆ ದಿನ ಡೈರಿಯಲ್ಲಿ ಬರೆದಳು. ಬರೆದು, ಯಾರೋ ಓದಿಬಿಟ್ಟಾರೆಂಬಂತೆ ಅಂಗೈ ಅಡ್ಡ ಹಿಡಿದಳು. ಮನೆಯಲ್ಲಿದ್ದವರು ಅವಳು ಮತ್ತು ಅವ್ವ ಹಾಲವ್ವ, ಇಬ್ಬರೇ. ಅವ್ವನಿಗೆ ಓದು ಬರುತ್ತಿತ್ತು. ಆದರೆ ಮಗಳ ಡೈರಿ ಮುಟ್ಟುವ ಜಾಯಮಾನ ಅವಳದಲ್ಲ.

ರಸಾಯನಶಾಸ್ತ್ರದಲ್ಲಿ ಎಂ.ಎಸ್ಸಿ. ಮುಗಿಸಿ, ತುಂಗಭದ್ರೆಯ ದಂಡೆಯ ಮರದಿಂದ ಕಾಗದದ ತಿರುಳು ಮಾಡುವ ಕರೇಕಟ್ಟೆ ಪಲ್ಪ್ ಕಾರ್ಖಾನೆಯ ಲ್ಯಾಬಿಗೆ ಸೇರಿ ಎರಡು ವಾರವಾಗಿತ್ತು. ಲ್ಯಾಬಿನ ಕೆಲಸಕ್ಕೆ ಹೆದರಿಕೆಯಿರಲಿಲ್ಲ. ಹೆದರಿಕೆ ಇದ್ದದ್ದು ಕ್ಯಾಂಟೀನಿಗೆ. ಅವ್ವ ಕಟ್ಟಿಕೊಡುತ್ತಿದ್ದದ್ದು ಖಡಕ್ ಜೋಳದ ರೊಟ್ಟಿ. ಮುರಿದರೆ ಕಟಕ್ ಅನ್ನುತ್ತಿತ್ತು. ಮೊದಲ ದಿನವೇ ಯಾರೋ ಹಿಂದಿನಿಂದ, "ಯಾರಲೇ ಅದು, ಹಂಚು ಒಡದೋರು?" ಎಂದು ಕೂಗಿ, ನಲವತ್ತು ಮುಖ ಒಟ್ಟಿಗೆ ಇವಳತ್ತ ತಿರುಗಿದ್ದವು. ಮರುದಿನ ಡಬ್ಬಿಯ ಮುಚ್ಚಳದ ಮರೆಯಲ್ಲಿ ಮುರಿದು ನೋಡಿದಳು. ಅದರ ಮರುದಿನ ಸೆರಗಿನೊಳಗೆ. ಆಮೇಲೆ ಹಸಿವಿಲ್ಲವೆಂದು ಸುಳ್ಳು ಹೇಳಿ ಪಲ್ಪ್ ಒಣಗಿಸುವ ಡ್ರೈಯರಿನ ಹಿಂದೆ ನಿಲ್ಲತೊಡಗಿದಳು.

ಅಲ್ಲಿ ಅವಳನ್ನು ಕಂಡುಹಿಡಿದದ್ದು ಡ್ರೈಯರಿನ ಹಿರಿಯ ಆಪರೇಟರ್ ಕೊಟ್ರೇಶ. ನಿವೃತ್ತಿಗೆ ಎರಡು ವರ್ಷ ಉಳಿದಿದ್ದ ಆತನನ್ನು ಇಡೀ ಕಾರ್ಖಾನೆ ಕಾಕಾ ಎನ್ನುತ್ತಿತ್ತು.

"ಇಲ್ಲೇನ್ ಮಾಡಾಕತ್ತೀ ಯವ್ವಾ? ಇಲ್ಲಿ ಪಲ್ಪ್ ಒಣಗತೈತಿ, ಹೆಣ್ಮಕ್ಕಳಲ್ಲ."

ಅವಳು ತಲೆ ತಗ್ಗಿಸಿದಳು. ಕಾಕಾ ಅವಳ ಕೈಯಲ್ಲಿದ್ದ ಡಬ್ಬಿ ನೋಡಿದ, ಮುಖ ನೋಡಿದ. ಎಲ್ಲ ಅರ್ಥವಾದವನಂತೆ ಸೊಂಟದಿಂದ ಬೀಗದ ಕೈ ತೆಗೆದ.

"ಒಂದರಿಂದ ಒಂದೂವರಿ ತನಕ ಮಾದರಿ ಕೋಣಿ ಖಾಲಿ ಇರತೈತಿ. ಕುಂತು ಉಣ್ಣು. ಒಬ್ಬ ಹೆಣ್ಮಗಳು ಕುಂತು ರೊಟ್ಟಿ ತಿನ್ನಾಕ ಜಾಗ ಇಲ್ಲದ ಫ್ಯಾಕ್ಟ್ರಿ ಯಾಕರ ಬೇಕು? ನಾ ಯಾರಿಗೂ ಹೇಳಂಗಿಲ್ಲ. ಕಾಕಾನ ಮಾತು."

ಕೋಣೆಯ ಬಾಗಿಲ ಮೇಲೆ 'ಇಲ್ಲಿ ಆಹಾರ ತರಕೂಡದು' ಎಂಬ ಬೋರ್ಡಿತ್ತು. ಸೇರುವಾಗ ಆ ನಿಯಮಕ್ಕೂ ಅವಳು ಸಹಿ ಹಾಕಿದ್ದಳು; ಕೆಲಸ ಇನ್ನೂ ಖಾಯಂ ಆಗಿರಲಿಲ್ಲ. ಆದರೂ ಹೋದಳು. ನಲವತ್ತು ಮುಖಕ್ಕಿಂತ ಒಂದು ಬೋರ್ಡು ವಾಸಿ ಅನಿಸಿತ್ತು.

ಆ ಕೋಣೆಯಲ್ಲಿ ಅವಳೊಬ್ಬಳೇ ಇರುತ್ತಿರಲಿಲ್ಲ, ಕಿವಿಯಪ್ಪನೂ ಇರುತ್ತಿದ್ದ. ಅವನು ಯಾರೆಂದು ತಿಳಿಯಬೇಕಾದರೆ ಪಲ್ಪಿನ ಕಷ್ಟವನ್ನು ಸ್ವಲ್ಪ ಕೇಳಬೇಕು.

ದೇಶದಲ್ಲಿ ಪ್ಲಾಸ್ಟಿಕ್ ನಿಂತು ಹನ್ನೊಂದು ವರ್ಷವಾಗಿತ್ತು. ಹಾಲಿನ ಪೊಟ್ಟಣದಿಂದ ಬಸ್ಸಿನ ಸೀಟಿನವರೆಗೆ, ಕೂಸಿನ ಲಂಗೋಟಿಯಿಂದ ಆಸ್ಪತ್ರೆಯ ಹಾಸಿಗೆಯವರೆಗೆ ಎಲ್ಲವೂ ಮರದ ನಾರಿನದೇ. ಎಷ್ಟು ನೀಲಗಿರಿ ನೆಟ್ಟರೂ ಸಾಲುತ್ತಿರಲಿಲ್ಲ. ಹಳೆಯದನ್ನೇ ಮತ್ತೆ ಬಳಸೋಣವೆಂದರೆ ಅಡ್ಡಿಯಾಗುತ್ತಿದ್ದದ್ದು ಒಣಗಿಸುವ ಕೆಲಸ. ಮರದ ಚಕ್ಕೆ ಬೇಯಿಸಿ, ತೊಳೆದು, ಬಿಳುಪು ಮಾಡಿದ ಪಲ್ಪ್ ಗಂಜಿಯಂತಿರುತ್ತದೆ. ಅದನ್ನು ಜಾಲರಿಯ ಮೇಲೆ ಹರಿಸಿ, ನೀರು ಹಿಂಡಿ, ದಪ್ಪ ಹಾಳೆ ಮಾಡಿ ಡ್ರೈಯರಿಗೆ ಬಿಡುತ್ತಾರೆ. ಮೂರಂತಸ್ತಿನ ಮನೆಯಷ್ಟು ದೊಡ್ಡ ಪೆಟ್ಟಿಗೆ ಅದು. ಒಳಗೆ ಹಾಳೆ ಬಿಸಿಗಾಳಿಯ ಮೇಲೆ ತೇಲುತ್ತ, ಮೇಲಿನಿಂದ ಕೆಳಕ್ಕೆ ಹತ್ತೊಂಬತ್ತು ಸಲ ಅತ್ತಿಂದಿತ್ತ ಓಡಿ, ಒಣಗಿ ಹೊರಬೀಳುತ್ತದೆ. ನಾರಿನ ಗೋಡೆಯಲ್ಲಿ ನೀರು ಕುಡಿಯುವ ಸಣ್ಣ ಸಣ್ಣ ಬಾಯಿಗಳಿರುತ್ತವೆ. ಬಿಸಿ ತಾಗಿ ನೀರು ಹೋದಾಗ ಅವು ಮುಚ್ಚಿ ಅಂಟಿಕೊಳ್ಳುತ್ತವೆ. ಆಮೇಲೆ ಎಷ್ಟು ನೆನೆಹಾಕಿದರೂ ಪೂರ್ತಿ ತೆರೆಯುವುದಿಲ್ಲ. ಐದಾರು ಸಲ ನೆನೆದು ಒಣಗಿದ ನಾರು ಕಸಕ್ಕೇ ಸಮ.

ಬಾಯಿ ಮುಚ್ಚುವಾಗ ನಾರು ಚಿಟಿಚಿಟಿ ಅನ್ನುತ್ತದೆ, ಮನುಷ್ಯರ ಕಿವಿಗೆ ಸಿಗದಷ್ಟು ಸಣ್ಣಗೆ. ಅದನ್ನು ಕೇಳಿ ಡ್ರೈಯರಿನ ಬಿಸಿಯನ್ನು ತಾನೇ ಏರಿಸಿ ಇಳಿಸುವ ಯಂತ್ರವೊಂದನ್ನು ಹೆಡ್ಡಾಫೀಸಿನವರು ಕೂರಿಸಿದ್ದರು. ಅವರು ಅದಕ್ಕಿಟ್ಟ ಹೆಸರು ಯಾರ ಬಾಯಲ್ಲೂ ನಿಲ್ಲದೆ, ಕೆಲಸಗಾರರಿಗೆ ಅದು ಕಿವಿಯಪ್ಪನಾಯಿತು. ಡ್ರೈಯರಿನೊಳಗೆ ಅವನಿಗೆ ಅರವತ್ತನಾಲ್ಕು ಕಿವಿ. ಅರವತ್ತೈದನೆಯದು ಮಾದರಿ ಕೋಣೆಯ ಮೇಜಿನ ಮೇಲೆ. ಗಂಟೆಗೊಮ್ಮೆ ಹಾಳೆಯ ಪಟ್ಟಿಯೊಂದನ್ನು ಅಲ್ಲಿ ಮುರಿಯಬೇಕು, ತುಂಡನ್ನು ನೀರಿನ ಬಟ್ಟಲಿಗೆ ಹಾಕಬೇಕು. ಮುರಿದ ಸದ್ದನ್ನೂ ನೀರು ಕುಡಿದ ಸದ್ದನ್ನೂ ಕಿವಿಯಪ್ಪ ಕೇಳಿಸಿಕೊಂಡು ಪರದೆಯ ಮೇಲೆ ದರ್ಜೆ ಕೇಳುತ್ತಾನೆ: ಉತ್ತಮ, ಮಧ್ಯಮ, ಕಳಪೆ. ಮನುಷ್ಯರು ಉತ್ತಮ ಅಂದ ಸದ್ದು ಮತ್ತೆ ಮತ್ತೆ ಬರುವಂತೆ ಒಣಗಿಸುವುದೇ ಅವನ ವಿದ್ಯೆ.

ದಾಕ್ಷಾಯಿಣಿ ಮೊದಲ ದಿನ ಆ ಮೇಜಿನ ಮುಂದೆ ಕುಳಿತು ನೆಮ್ಮದಿಯಿಂದ ರೊಟ್ಟಿ ಮುರಿದಳು. ಕಟಕ್. ತುಂಡನ್ನು ಸಾರಿನಲ್ಲಿ ಅದ್ದಿದಳು. ಚುಸ್.

ಪರದೆ ಬೆಳಗಿತು. 'ಹೊಸ ಸಪ್ಪಳ. ಮಾದರಿ ಸಂಖ್ಯೆ ಇಲ್ಲ. ದರ್ಜೆ?'

ಪರದೆ ಆರಿಸಲು ಗುಂಡಿ ಹುಡುಕಿದಳು, ಇರಲಿಲ್ಲ. ಮೂರರಲ್ಲಿ ಒಂದನ್ನು ಒತ್ತುವತನಕ ಅದು ಮಿಣುಕುತ್ತಲೇ ಇತ್ತು. ಕಳಪೆ ಎಂದು ಒತ್ತಿದ್ದರೆ ಕಿವಿಯಪ್ಪ ಆ ಸದ್ದನ್ನು ಅಲ್ಲಿಗೇ ಮರೆಯುತ್ತಿದ್ದ. ಬೆರಳು ಅಲ್ಲಿಯವರೆಗೆ ಹೋಗಿತ್ತು ಕೂಡ. ಆದರೆ ಬೆಳಿಗ್ಗೆ ಐದಕ್ಕೆದ್ದು ಬಡಿದ ಅವ್ವನ ರೊಟ್ಟಿಗೆ ಕಳಪೆ ಅನ್ನುವುದು ಹೇಗೆ? ಉತ್ತಮ ಎಂದು ಒತ್ತಿದಳು. ಮರುದಿನವೂ ಒತ್ತಿದಳು. ದಿನ ಕಳೆದಂತೆ ಅದೊಂದು ಆಟವಾಯಿತು. ಅವಳು ಮುರಿಯುವುದು, ಅವನು ಕೇಳುವುದು, ಅವಳು ನಕ್ಕು ಒತ್ತುವುದು. ಜೊತೆಯಲ್ಲಿ ಕುಳಿತು ಉಣ್ಣಲು ಅವಳಿಗೆ ಸಿಕ್ಕ ಮೊದಲ ಗೆಳೆಯ ಅವನೇ.

*

ಹಾಲವ್ವ ಊರಿನ ಎರಡು ಖಾನಾವಳಿಗೆ ರೊಟ್ಟಿ ಕೊಡುತ್ತಿದ್ದಳು. ಭಾನುವಾರ ಮಗಳೂ ಒಲೆಯ ಮುಂದೆ ಕೂರುತ್ತಿದ್ದಳು. ಬೆಂದ ರೊಟ್ಟಿಗಳನ್ನು ಅವ್ವ ಒಲೆಯ ಸುತ್ತ ನಿಲ್ಲಿಸಿ, ಅರ್ಧ ಒಣಗಿದ ಮೇಲೆ ತೆಗೆದು ಬುಟ್ಟಿಯಲ್ಲಿಟ್ಟು ಬಟ್ಟೆ ಹೊದಿಸುತ್ತಿದ್ದಳು. ಸ್ವಲ್ಪ ಹೊತ್ತು ಬಿಟ್ಟು ಮತ್ತೆ ಒಲೆಯ ಬದಿಗೆ.

"ಒಮ್ಮೆಗೇ ಒಣಗಿಸಿದ್ರ ಆಗಂಗಿಲ್ಲೇನವ್ವಾ?"

"ಆಗತೈತಿ, ಆಮ್ಯಾಲೆ ಹಲ್ಲು ಕಟ್ಟಿಸ್ಕೋಬೇಕಾಗತೈತಿ. ಒಮ್ಮೆಗೇ ಬಿಸಿ ತೋರಿಸಿದ್ರ ರೊಟ್ಟಿ ಸಿಟ್ಟಿಗೇಳತೈತಿ, ಸಾರಿಗೆ ಹಾಕಿದ್ರೂ ಬಗ್ಗಂಗಿಲ್ಲ. ನಡುವ ಹೊದಿಸಿ ಬೆವರಾಕ ಬಿಡಬೇಕು. ಬೆವರಿ ಒಣಗಿದ್ದು ಹೊರಗ ಖಡಕ್ಕು, ಸಾರು ಕಂಡ ಕೂಡ್ಲೆ ಮೆತ್ತಗ. ನಿಮ್ಮಪ್ಪನಂಗ."

ಇಬ್ಬರೂ ನಕ್ಕರು. ಅಪ್ಪ ತೀರಿಹೋಗಿ ಆರು ವರ್ಷವಾದರೂ ಆ ಮನೆಯಲ್ಲಿ ಆತನ ಸಿಟ್ಟು ಇನ್ನೂ ನಗೆಯ ವಸ್ತುವಾಗಿತ್ತು.

"ಕ್ಯಾಂಟೀನಿನ್ಯಾಗ ರೊಟ್ಟಿ ಸಪ್ಪಳ ಮಾಡತೈತವ್ವಾ," ಎಂದು ದಾಕ್ಷಾಯಿಣಿ ಮೆಲ್ಲಗೆ ಅಂದಳು.

"ಮಾಡ್ಲಿ ಬಿಡು. ಸಪ್ಪಳ ಮಾಡ್ಲಿಲ್ಲಂದ್ರ ಅದು ರೊಟ್ಟಿ ಹೆಂಗಾದೀತು?"

ದಾಕ್ಷಾಯಿಣಿ ಅದನ್ನೂ ಡೈರಿಗೆ ಬರೆದಿಟ್ಟಳು. ಅವಳ ಡೈರಿ ದುಂಡಗಿತ್ತು. ಲ್ಯಾಬಿನಲ್ಲಿ ಪಲ್ಪಿನ ಗುಣ ನೋಡಲು ದಿನಾ ಅಂಗೈಯಗಲದ ದುಂಡು ಹಾಳೆಗಳನ್ನು ಜಾಲರಿಯಲ್ಲಿ ಎತ್ತುತ್ತಾರೆ. ಪರೀಕ್ಷೆ ಮುಗಿದರೆ ಬುಟ್ಟಿಗೆ. ಅಂಥವನ್ನು ತಂದು ದಾರ ಪೋಣಿಸಿ ಗೋಡೆಯ ಮೊಳೆಗೆ ನೇತುಹಾಕಿದ್ದಳು.

*

ಮೂರನೆಯ ತಿಂಗಳಲ್ಲಿ ಡ್ರೈಯರಿಗೆ ಹುಚ್ಚು ಹಿಡಿಯಿತು. ಹಾಗೆಂದದ್ದು ಕೊಟ್ರೇಶ ಕಾಕಾ. ಕಂಟ್ರೋಲ್ ರೂಮಿನ ಪರದೆಯಲ್ಲಿ ಬಿಸಿಯ ಗೆರೆ ಯಾವತ್ತೂ ಒಂದೇ ಸಮ ಏರಿ, ಕೊನೆಗೆ ಇಳಿಯುತ್ತಿತ್ತು. ಈಗ ನಟ್ಟನಡುವೆ, ಒಂಬತ್ತನೆಯ ಸಾಲಿನ ಹತ್ತಿರ, ಗುಂಡಿ ಬಿದ್ದಂತೆ ಕುಸಿದಿತ್ತು. ಕಿವಿಯಪ್ಪ ಅಲ್ಲಿ ಬಿಸಿ ಇಳಿಸಿ, ಹೊರಹೋಗಬೇಕಾದ ಹಬೆಯನ್ನು ಹಾಳೆಯ ಮೇಲೆ ತಿರುಗಿ ಬಿಡುತ್ತಿದ್ದ.

"ನೋಡಿಲ್ಲಿ ಯವ್ವಾ, ಒಣಗಿಸು ಅಂದ್ರ ನಡುವ ಮತ್ತ ತೋಯಿಸಾಕತ್ತಾನ! ನಲವತ್ತು ವರ್ಷದಾಗ ಇಂಥದ್ದು ನೋಡಿಲ್ಲ. ಇವಗ ಜ್ವರ ಬಂದೈತಿ."

ಡ್ರೈಯರಿನ ವೇಗವೂ ತುಸು ಇಳಿದಿತ್ತು. ಕಾಕಾ ಬಯ್ಯುತ್ತಲೇ ಹೊರಬಂದ ಹಾಳೆಯ ಒಂದು ಪಟ್ಟಿ ಮುರಿದ. ಕಟಕ್! ಕೋಣೆಯಲ್ಲಿದ್ದವರೆಲ್ಲ ತಿರುಗಿ ನೋಡಿದರು. ಪಲ್ಪಿನ ಹಾಳೆ ಹಾಗೆ ಮುರಿದದ್ದನ್ನು ಯಾರೂ ಕೇಳಿರಲಿಲ್ಲ. "ಕಲ್ಲಾಗೇತಿ, ಹೋತು," ಎಂದು ಕಾಕಾ ಅದನ್ನು ನೀರಿನ ಬಕೀಟಿಗೆ ಎಸೆದ. ಕಲ್ಲಾದ ಹಾಳೆ ಚುಸ್ ಎಂದಿತು. ಕೋಲಿನಿಂದ ಮೂರು ಸುತ್ತು ತಿರುಗಿಸುವಷ್ಟರಲ್ಲಿ ಬಕೀಟಿನ ನೀರೆಲ್ಲ ಹಾಲು.

ದಾಕ್ಷಾಯಿಣಿ ಆ ಹಾಲನ್ನೇ ಲ್ಯಾಬಿಗೊಯ್ದಳು. ಒಣಗಿಸಿದಳು, ನೆನೆಹಾಕಿದಳು, ಮತ್ತೆ ಒಣಗಿಸಿದಳು. ಇಪ್ಪತ್ತನೆಯ ಸಲವೂ ನಾರು ಮೊದಲ ದಿನದಷ್ಟೇ ನೀರು ಕುಡಿಯಿತು. ಮೊದಲ ಸಲ ಹದವಾಗಿ ಬೆವರಿ ಒಣಗಿದ ನಾರು ಆಮೇಲೆ ಬಿಸಿಲಿಗೆ ಹಾಕಿದರೂ ಬಾಯಿ ಕಟ್ಟಿಕೊಳ್ಳುತ್ತಿರಲಿಲ್ಲ. ವಾರದೊಳಗೆ ಹೆಡ್ಡಾಫೀಸಿನಿಂದ ಹಿರಿಯ ವಿಜ್ಞಾನಿ ವಸುಂಧರಾ ಮೇಡಂ ಬಂದರು. ಅಂಕಿಗಳನ್ನು ಎರಡು ಸಲ ಓದಿ, ಕನ್ನಡಕ ತೆಗೆದು, "ದಾಕ್ಷಾಯಿಣಿ, ಇದು ನಿಮ್ಮ ಹೆಸರಿನಲ್ಲೇ ಪ್ರಕಟವಾಗಬೇಕು," ಎಂದರು. ದಾಕ್ಷಾಯಿಣಿಗೆ ಕಿವಿಯವರೆಗೆ ಬಿಸಿಯೇರಿತು. "ಚಾ ತರ್ಲೇನ್ರಿ?" ಎಂದಳು.

ಆ ಪಲ್ಪಿನ ಕಾಗದವನ್ನು ಎಷ್ಟು ಸಲ ನೀರಲ್ಲಿ ಕಲಸಿದರೂ ಮತ್ತೆ ಹೊಸ ಹಾಳೆಯಾಗುತ್ತಿದ್ದರಿಂದ ಊರು ಬದಲಾಗಲು ಹೆಚ್ಚು ದಿನ ಬೇಕಾಗಲಿಲ್ಲ. ಶಾಲೆಯಲ್ಲಿ ಶನಿವಾರ ನೋಟುಬುಕ್ಕು ತೊಳೆಯುವ ದಿನವಾಯಿತು. ಮಕ್ಕಳು ಬರೆದ ಹಾಳೆಗಳನ್ನು ಬಾನಿಯಲ್ಲಿ ಕಲಸಿ, ಶಾಯಿಯ ನೊರೆ ತೆಗೆದು, ಜಾಲರಿಯಲ್ಲಿ ಹೊಸ ಹಾಳೆ ಎತ್ತಿ ಗೋಡೆಗೆ ಹಚ್ಚುತ್ತಿದ್ದರು. ಹೆಂಗಸರು ಒಂದು ಲಗ್ನಪತ್ರಿಕೆ ತೊಳೆದು ಅದರಲ್ಲೇ ಬಸುರಿಯ ಕುಬಸದ ಕರೆಯೋಲೆ ಬರೆದರು. ಕಳೆದುಕೊಂಡವರೂ ಇದ್ದರು. ತನ್ನ ಗಂಡ ಆಸ್ಪತ್ರೆಯಿಂದ ಬರೆದ ಕೊನೆಯ ಚೀಟಿಯನ್ನು ಸೊಸೆ ತಿಳಿಯದೆ ಬಾನಿಗೆ ಹಾಕಿದಳೆಂದು ಹಿಂದಿನ ಓಣಿಯ ಮುದುಕಿಯೊಬ್ಬಳು ಆ ನೀರನ್ನು ಚೆಲ್ಲಗೊಡದೆ ಎರಡು ದಿನ ಮುಂದಿಟ್ಟುಕೊಂಡು ಕುಳಿತಳು. ಅಲ್ಲಿಂದ ಜನ ಒಂದು ಪದ್ಧತಿ ಮಾಡಿಕೊಂಡರು: ಉಳಿಯಬೇಕಾದ ಕಾಗದದ ಮೂಲೆಗೆ ಅರಿಸಿನದ ಬೊಟ್ಟು. ಬೊಟ್ಟು ಇದ್ದರೆ ತೊಳೆಯುವಂತಿಲ್ಲ.

*

ದಾಕ್ಷಾಯಿಣಿಗೆ ಸತ್ಯ ಹೊಳೆದದ್ದು ಒಂದು ಭಾನುವಾರ, ಅವ್ವ ಬುಟ್ಟಿಗೆ ಬಟ್ಟೆ ಹೊದಿಸುವುದನ್ನು ನೋಡುತ್ತಿದ್ದಾಗ. ಅರ್ಧ ಬಿಸಿ, ನಡುವೆ ಬೆವರು, ಮತ್ತೆ ಬಿಸಿ. ಪರದೆಯ ಮೇಲಿನ ಗುಂಡಿ ಬಿದ್ದ ಗೆರೆ ಕಣ್ಣ ಮುಂದೆ ಬಂತು. ಒಡೆಯುವಾಗ ಕಟಕ್, ನೆನೆಯುವಾಗ ಚುಸ್. ಆ ಸಪ್ಪಳ ಹಾಳೆಯಿಂದ ಹೊರಡಬೇಕಾದರೆ ಹೇಗೆ ಒಣಗಿಸಬೇಕೆಂದು ಕಿವಿಯಪ್ಪ ಹಗಲೂ ರಾತ್ರಿ ತಡಕಾಡಿ, ಕೊನೆಗೆ ಅವ್ವನ ಒಲೆಯ ಬದಿಗೇ ಬಂದು ತಲುಪಿದ್ದ.

ದುಂಡು ಹಾಳೆಯೊಂದರ ಮೇಲೆ ಬರೆದಳು: 'ಕಂಡುಹಿಡಿದವಳು ನಾನಲ್ಲ. ಕಿವಿಯಪ್ಪ ಕಲಿತದ್ದು ಅವ್ವನ ರೊಟ್ಟಿಯಿಂದ. ಹೇಳಬೇಕಾದವಳು ನಾನು. ಹೇಳಿದರೆ ಕೆಲಸ ಹೋಗುತ್ತದೆ, ಅದಕ್ಕಿಂತ ಹೆಚ್ಚಾಗಿ ಎಲ್ಲರೂ ನಗುತ್ತಾರೆ.' ಅರಿಸಿನದ ಡಬ್ಬಿ ಕೈಗೆ ಎಟಕುವಂತಿತ್ತು. ಬೊಟ್ಟು ಇಡಲಿಲ್ಲ. ಮರುದಿನ ಮನಸ್ಸು ತಡೆಯದೆ ಆ ಹಾಳೆಯನ್ನು ಹಿತ್ತಿಲ ಬಾನಿಗೆ ಹಾಕಿದಳು. ಅಕ್ಷರಗಳು ಕರಗಿ ನೊರೆಯಾಗಿ ತೇಲಿದವು. ಸಂಜೆಯ ಹೊತ್ತಿಗೆ ಗೋಡೆಯ ಮೇಲೆ ಒಂದು ಬಿಳಿ ಹಾಳೆ ಒಣಗಿತ್ತು, ಯಾರೂ ಯಾವತ್ತೂ ಏನೂ ಬರೆದಿರದಂಥದ್ದು. ಹಗುರವಾಗುತ್ತದೆಂದುಕೊಂಡಿದ್ದಳು. ಆಗಲಿಲ್ಲ. ಕಾಗದದ ಮೇಲಿದ್ದದ್ದು ಈಗ ಅವಳೊಳಗೆ ಬಿಟ್ಟು ಬೇರೆಲ್ಲೂ ಇರಲಿಲ್ಲ.

ಅವತ್ತಿನಿಂದ ಮಾದರಿ ಕೋಣೆಗೆ ಹೋಗುವುದನ್ನು ಬಿಟ್ಟಳು. ರೊಟ್ಟಿ ಹಾಗೇ ಮನೆಗೆ ವಾಪಸಾಗತೊಡಗಿತು. ಮೂರನೆಯ ದಿನ ಅವ್ವ ಡಬ್ಬಿ ತೆರೆದು, ರೊಟ್ಟಿಯ ಅಂಚು ಮುರಿದು ಬಾಯಿಗೆ ಹಾಕಿಕೊಂಡಳು.

"ಸೇರಲಿಲ್ಲೇನು? ಹಿಟ್ಟು ಹಳೇದಿತ್ತೇನೋ. ಕೈಯೂ ಮೊದ್ಲಿನಂಗ ಬರವಲ್ಲದು."

"ಹಂಗಲ್ಲವ್ವಾ..."

"ಮತ್ತ ಹೆಂಗ?"

ದಾಕ್ಷಾಯಿಣಿ ಡಬ್ಬಿ ತೊಳೆಯಲು ಹಿತ್ತಿಲಿಗೆ ಹೋದಳು. ಅವ್ವ ಮರುದಿನ ಹೊಸ ಹಿಟ್ಟು ಬೀಸಿಸಿಕೊಂಡು ಬಂದು, ಎರಡರ ಬದಲು ಮೂರು ರೊಟ್ಟಿ ಕಟ್ಟಿದಳು.

*

ಆ ದಿನ ಬೆಳಿಗ್ಗೆ ಹತ್ತಕ್ಕೆ ದಾಕ್ಷಾಯಿಣಿಗೆ ಮಾದರಿ ಕೋಣೆಗೆ ಕರೆ ಬಂತು. ವಸುಂಧರಾ ಮೇಡಂ, ಕಾರ್ಖಾನೆಯ ಮ್ಯಾನೇಜರು, ಕೊಟ್ರೇಶ ಕಾಕಾ ಮೇಜಿನ ಸುತ್ತ ನಿಂತಿದ್ದರು. ಮೇಡಂ ಮುಖದಲ್ಲಿ ಹಿಂದಿನ ನಗು ಇರಲಿಲ್ಲ.

"ಕಿವಿಯಪ್ಪ ಏನು ಕೇಳಿ ಇದನ್ನು ಕಲಿತ ಅಂತ ಹುಡುಕಿದೆವು," ಎಂದರು. "ಮುನ್ನೂರ ಹನ್ನೆರಡು ಸಪ್ಪಳ. ಎಲ್ಲ ಮಧ್ಯಾಹ್ನ ಒಂದರಿಂದ ಒಂದೂವರೆಯೊಳಗೆ. ಒಂದಕ್ಕೂ ಮಾದರಿ ಸಂಖ್ಯೆ ಇಲ್ಲ, ಎಲ್ಲದಕ್ಕೂ ದರ್ಜೆ ಉತ್ತಮ. ಅಷ್ಟನ್ನೂ ತೆಗೆದುಹಾಕಿ ನಿನ್ನೆ ಡ್ರೈಯರ್ ಓಡಿಸಿದರೆ ಮತ್ತೆ ಹಳೇ ಪಲ್ಪೇ ಬಂತು, ರಾತ್ರಿ ತಿರುಗಿ ಸೇರಿಸಿದ ಮೇಲೆ ಹೊಸದು ಬಂತು. ಅಂದರೆ ಇವನ ಗುರು ಆ ಸಪ್ಪಳ. ನಮ್ಮ ಯಾವ ಹಾಳೆಯೂ ಹಾಗೆ ಮುರಿಯುತ್ತಿರಲಿಲ್ಲ. ಹಾಗಾದರೆ ಅದು ಯಾರ ಹಾಳೆ?"

ಮ್ಯಾನೇಜರು ಕಾಕಾನತ್ತ ತಿರುಗಿದರು. "ಆ ಹೊತ್ತಿನಲ್ಲಿ ಈ ಕೋಣೆಯ ಬೀಗದ ಕೈ ಇದ್ದದ್ದು ನಿಮ್ಮ ಹತ್ತಿರ. ಬೇರೆ ಕಾರ್ಖಾನೆಯ ಹಾಳೆ ಕದ್ದು ತಂದು ಇಲ್ಲಿ ಮುರಿದಿರೇನು? ಹಾಗಿದ್ದರೆ ಇದು ನಮ್ಮ ಶೋಧವೇ ಅಲ್ಲ, ಕಳ್ಳಮಾಲು."

ಕಾಕಾ ಸೂರು ನೋಡಿದ. "ಕೀಲಿ ನನ್ನ ಕಡೆನೇ ಇತ್ರಿ."

"ಯಾರಿಗಾದರೂ ಕೊಟ್ಟಿದ್ದಿರಾ?"

"ನೆನಪಿಲ್ರಿ."

"ನಲವತ್ತು ವರ್ಷ ದುಡಿದವರು ನೀವು. ಹೇಳದಿದ್ದರೆ ನಾಳೆಯಿಂದ ಡ್ರೈಯರಿನ ಹತ್ತಿರ ಬರಬೇಡಿ. ವಿಚಾರಣೆ ಆಗುತ್ತೆ."

"ಆಗ್ಲಿ ಬಿಡ್ರಿ," ಎಂದ ಕಾಕಾ. "ನನಗೂ ಬಿಸಿಗಾಳಿ ಸಾಕಾಗೇತಿ." ಹಾಗೆನ್ನುತ್ತ, ಯಾರಿಗೂ ಕಾಣದಂತೆ ದಾಕ್ಷಾಯಿಣಿಯತ್ತ ಒಮ್ಮೆ ನೋಡಿ, ಬೇಡವೆಂಬಂತೆ ತಲೆ ಅಲ್ಲಾಡಿಸಿದ. ಆದರೆ ಕೋಣೆಯ ಒಂದು ಬದಿಯಾಗಿದ್ದ ಡ್ರೈಯರಿನ ಗೋಡೆಗೆ ಆನಿಸಿದ್ದ ಅವನ ಅಂಗೈ ಅಲ್ಲಿಂದ ಕದಲಲಿಲ್ಲ. ಆ ಕೈಯನ್ನು ನೋಡಿದ್ದೇ ಅವಳಿಗೆ ತಡೆಯದಾಯಿತು.

ಎದೆ ಡವಡವ ಬಡಿಯಿತು. ಅದನ್ನೂ ಕಿವಿಯಪ್ಪ ಕೇಳಿ ದರ್ಜೆ ಕೇಳಿಯಾನು ಎಂಬ ಹುಚ್ಚು ಯೋಚನೆ ಬಂತು. ಹೆಗಲ ಚೀಲಕ್ಕೆ ಕೈ ಹಾಕಿದಳು. ಡಬ್ಬಿ ತೆರೆದಳು. ಹೊಸ ಹಿಟ್ಟಿನ ಮೂರು ರೊಟ್ಟಿ, ಬದಿಯಲ್ಲಿ ಸಾರು. ಮ್ಯಾನೇಜರು ಬೋರ್ಡಿನತ್ತ ಬೆರಳು ಮಾಡುವಷ್ಟರಲ್ಲಿ ಒಂದನ್ನು ಮೇಜಿನ ಮೇಲೆ ಎತ್ತಿ ಹಿಡಿದು, ಮುಚ್ಚಳದ ಮರೆಯಿಲ್ಲದೆ, ಸೆರಗಿನ ಮರೆಯಿಲ್ಲದೆ, ಎರಡೂ ಕೈಯಿಂದ ಮುರಿದಳು.

ಕಟಕ್.

ತುಂಡನ್ನು ಸಾರಿಗೆ ಅದ್ದಿದಳು. ಚುಸ್.

ಪರದೆ ಬೆಳಗಿತು. ಕಿವಿಯಪ್ಪ ಈ ಸಲ ಯಾರನ್ನೂ ಕೇಳಲಿಲ್ಲ. ಹಳೆಯ ಗೆಳತಿಯ ಸದ್ದು ಗುರುತು ಹಿಡಿದವನಂತೆ ತಾನೇ ಬರೆದ: 'ಉತ್ತಮ.'

ಎಲ್ಲ ಮುಖಗಳೂ ಅವಳತ್ತ ತಿರುಗಿದವು. ಕ್ಯಾಂಟೀನಿನಲ್ಲಿ ತಿರುಗಿದ್ದ ಹಾಗೆಯೇ. ಬಾಗಿಲಲ್ಲಿ ಇಬ್ಬರು ಕೆಲಸಗಾರರು ನಿಂತು ಇಣುಕಿದರು. ದಾಕ್ಷಾಯಿಣಿ ತಲೆ ತಗ್ಗಿಸಲಿಲ್ಲ. ತನ್ನದೇ ದನಿ ಡ್ರೈಯರಿನ ಸದ್ದನ್ನು ಮೀರಿ ಹೊರಬಿದ್ದದ್ದು ಕೇಳಿ ಅವಳಿಗೇ ಅಚ್ಚರಿಯಾಯಿತು.

"ಕಾಕಾಂದೇನೂ ತಪ್ಪಿಲ್ರಿ ಮೇಡಂ. ಅದು ಹಾಳಿನೇ ಅಲ್ಲ. ನಮ್ಮವ್ವನ ರೊಟ್ಟಿ ರೀ ಅದು. ದಿನಾ ಇಲ್ಲಿ ಕುಂತು ತಿಂದಾಕಿ ನಾನು."